ಬಾಗಿಲ ಹಿಂದಿನ ಅಳು

ಮೂರನೆಯ ಅಳು ಮುಗಿಯುವ ಹೊತ್ತಿಗೆ ಸೂಜಿಯ ಉಗುರುಗಳು ನನ್ನ ಮಣಿಕಟ್ಟಿನೊಳಕ್ಕೆ ಇಳಿದಿದ್ದವು.

ದೀಪಗಳು ಹೊತ್ತಿಕೊಂಡವು. ಕೊನೆಯ ತಾಲೀಮಿಗೆಂದು ಕರೆಸಿಕೊಂಡಿದ್ದ ನಲವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರದ ತುದಿಯಿಂದ ಕಣ್ಣಂಚು ಒತ್ತಿಕೊಂಡಳು. ಆಮೇಲೆ ಅದು ಒದ್ದೆಯಾಯಿತೋ ಇಲ್ಲವೋ ಎಂದು ಕರವಸ್ತ್ರವನ್ನು ತಿರುಗಿಸಿ ನೋಡಿದಳು.

ಸೂಜಿ ಚಪ್ಪಾಳೆ ನಿಲ್ಲುವವರೆಗೂ ಕಾದಳು. ಬಳಿಕ ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಮೇಡಂ, ಇದು ನಾಟಕದ ಅಳು ಅಲ್ಲ. ಅಮ್ಮ ನಿಜವಾಗಿ ಅತ್ತಿದಾಳೆ."

ಅವಳ ಅಮ್ಮ, ತಂಡದವರ ಬಾಯಲ್ಲಿ ಬಾಗಿಲಮ್ಮ, ನಾಲ್ಕು ದಿನದ ಹಿಂದೆ ಮಂಗಳವಾರ ಮಧ್ಯಾಹ್ನ ಇದೇ ರಂಗಮಂಚದ ಕೆಳಗೆ, ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದಳು. ಠಾಣೆಯಿಂದ ಮೊದಲು ಬಂದವಳು ನಾನು. 'ಮೃತಳ ಮುಖದ ಬಳಿ ಮದ್ಯದ ವಾಸನೆ ಇತ್ತು, ಕಾಲು ಜಾರಿ ಬಿದ್ದಿರುವಂತೆ ಕಾಣುತ್ತದೆ' ಎಂದು ಕೈಯಾರೆ ಬರೆದವಳೂ ನಾನೇ.

ಆ ಒಂದು ಸಾಲಿನ ಕಾರಣಕ್ಕೆ ಸೂಜಿ ವರದಿಗೆ ಸಹಿ ಹಾಕಿರಲಿಲ್ಲ. ತಂಡದ ಉಡುಪು ಹೊಲಿಯುವ ಕೆಲಸ ಅವಳದು; ಮಾತು ಕಡಿಮೆ. ನಾಲ್ಕು ದಿನವೂ ಠಾಣೆಗೆ ಬಂದು ಬೆಂಚಿನ ಮೇಲೆ ಕೂತು ಒಂದೇ ಮಾತು ಹೇಳಿ ಹೋಗಿದ್ದಳು: ಅಮ್ಮ ಹನಿ ಮುಟ್ಟಿದವಳಲ್ಲ. ಸಹಿ ಇಲ್ಲದೆ ಶವಾಗಾರದವರು ಹೆಣ ಕೊಡುವಂತಿಲ್ಲ. ಇವತ್ತು ಮೂರು ಗಂಟೆಯೊಳಗೆ ಸಹಿ ಬೀಳದಿದ್ದರೆ ವಾರಸುದಾರರಿಲ್ಲದ ಹೆಣಗಳ ಸಾಲಿಗೆ ಸೇರಿಸುತ್ತೇವೆಂದು ಅಲ್ಲಿನ ಗುಮಾಸ್ತ ಬೆಳಗ್ಗೆ ಫೋನಿನಲ್ಲಿ ಹೇಳಿದ್ದ. ಏನನ್ನೋ ಅಗಿಯುತ್ತಲೇ ಹೇಳಿದ್ದ.

ರಕ್ತಪರೀಕ್ಷೆಯ ಫಲಿತಾಂಶಕ್ಕೆ ಮೂರು ವಾರ ಬೇಕು. ಬರೆದ ಸಾಲನ್ನು ನಾನೇ ಹೊಡೆದುಹಾಕೋಣವೆಂದರೆ, ಒಂದು ಸಾಲು ಹೊಡೆಯಲು ಅದಕ್ಕಿಂತ ಗಟ್ಟಿಯಾದ ಇನ್ನೊಂದು ಸಾಲು ಬೇಕು ಎಂದಿದ್ದರು ಸಾಹೇಬರು. ಅದನ್ನು ಹುಡುಕಿಕೊಂಡೇ ನಾನು ಇಲ್ಲಿಗೆ ಬಂದದ್ದು. ಗೋಡೆ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ನಿರ್ದೇಶಕ ರಂಗದ ಮೇಲೆ ಬಂದು ಕೈ ಜೋಡಿಸಿದ.

ನಾಟಕ ಎಲ್ಲರಿಗೂ ಗೊತ್ತಿದ್ದದ್ದೇ, ಎಂಬತ್ತು ವರ್ಷ ಹಳೆಯದು. ನ್ಯಾಯಾಧೀಶನಾದ ಅಣ್ಣ ಸ್ವಂತ ತಮ್ಮನಿಗೆ ಶಿಕ್ಷೆ ವಿಧಿಸುತ್ತಾನೆ. ಮುಚ್ಚಿದ ಬಾಗಿಲಿನಾಚೆ ಅವರ ತಾಯಿ ನಿಂತಿದ್ದಾಳೆ. ಆಕೆ ರಂಗಕ್ಕೆ ಬರುವುದೇ ಇಲ್ಲ. ಮೂರು ಸಲ ಅಳು ಕೇಳುತ್ತದೆ, ಪರದೆ ಬೀಳುತ್ತದೆ. ಮೂವತ್ತೊಂದು ವರ್ಷ ಆ ಅಳು ಅತ್ತವಳು ಬಾಗಿಲಮ್ಮ. ಜನ ಅವಳ ಮುಖ ಕಂಡಿರಲಿಲ್ಲ. ಭಿತ್ತಿಪತ್ರದಲ್ಲಿ ಅವಳ ಹೆಸರಿರಲಿಲ್ಲ.

ಈ ನಿರ್ದೇಶಕ ನಾಟಕಕ್ಕೆ ಮರುಜೀವ ಕೊಡಲು ಬಂದವನು. ಎಲ್ಲದಕ್ಕೂ 'ಇದನ್ನ ಹೊಸ ಬೆಳಕಲ್ಲಿ ನೋಡೋಣ' ಅನ್ನುತ್ತಿದ್ದುದರಿಂದ ಬೆನ್ನ ಹಿಂದೆ ಅವನಿಗೆ ಹೊಸಬೆಳಕು ಎಂದೇ ಹೆಸರು. ಅವನ ಕೈಯಲ್ಲಿ ನ್ಯಾಯಾಧೀಶ ಟೈ ಕಟ್ಟಿದ ಕಂಪನಿಯ ಮೇಲಧಿಕಾರಿಯಾದ. ಆ ತಮ್ಮ, ಕೆಲಸ ಕಳೆದುಕೊಳ್ಳುವ ನೌಕರನಾದ. ಮರದ ಬಾಗಿಲು ಹೋಗಿ ಮಬ್ಬುಗಾಜಿನ ಬಾಗಿಲು ಬಂತು. ಅಳುವವಳು ಹೋಗಿ ಸ್ಪೀಕರು ಬಂತು.

ಈಗ ಕೇಳಿದ ದನಿ ಆ ಮಹಾತಾಯಿ ಒಂದು ತಿಂಗಳ ಹಿಂದೆ ಮೈಕಿನ ಮುಂದೆ ನಿಂತು ಮನಸಾರೆ ಕೊಟ್ಟುಹೋದ ಕಾಣಿಕೆ ಎಂದು ಹೊಸಬೆಳಕು ಜನಕ್ಕೆ ತಿಳಿಸಿದ. ಇಂದು ಸಂಜೆಯ ಮೊದಲ ಪ್ರದರ್ಶನ ಆಕೆಗೇ ಅರ್ಪಣೆ ಎಂದ. ಒಂದು ನಿಮಿಷದ ಮೌನಕ್ಕೆ ಕರೆಕೊಟ್ಟು ಕೈಗಡಿಯಾರದ ಮೇಲೆ ಒಂದು ಕಣ್ಣಿಟ್ಟುಕೊಂಡ. ಸತ್ತ ಎಮ್ಮೆಗೆ ಸೇರು ತುಪ್ಪ. ಬದುಕಿದ್ದಾಗ ಅವಳಿಗೆ ಕೂರಲು ಒಂದು ಕುರ್ಚಿ ಕೊಟ್ಟವರಿಲ್ಲವೆಂದು ಮೊದಲ ದಿನವೇ ರಂಗಮಂದಿರದ ಕಾವಲುಗಾರ ನನಗೆ ಹೇಳಿದ್ದ.

ಸೂಜಿ ನನ್ನನ್ನು ಉಡುಪಿನ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು.

ಅಲ್ಲಿ ಗಾಳಿಯೇ ಇರಲಿಲ್ಲ. ಹಗ್ಗದ ಮೇಲೆ ಸಾಲಾಗಿ ಹಾಕಿದ ಕೋಟುಗಳಿಂದ ನಾಲ್ಕು ವಾರದ ಕಂಕುಳ ಬೆವರಿನ ನಾತ ಹೊಡೆಯುತ್ತಿತ್ತು. ನಾನು ಬಾಯಲ್ಲಿ ಉಸಿರಾಡುತ್ತ ಅವಳ ಮಾತು ಬರೆದುಕೊಂಡೆ.

ಅವಳು ಹೇಳಿದ್ದು ಇಷ್ಟು. ಅಮ್ಮ ಬಾಗಿಲ ಹಲಗೆಗೆ ಬಾಯಿಟ್ಟು ಅಳುತ್ತಿದ್ದಳು. ಮರ ಅಳಬೇಕು, ಹೆಂಗಸು ಅಳಬಾರದು ಎನ್ನುತ್ತಿದ್ದಳು. ಗಂಟಲಿಗೆ ಪೆಟ್ಟಾಗದಂತೆ ಪಕ್ಕೆಯ ಕೆಳಗೆ ಅಂಗೈ ಒತ್ತಿಕೊಳ್ಳುತ್ತಿದ್ದಳು. ಒಂದು ಅಳು, ಎಂಟು ಎಣಿಕೆಯ ಬಿಡುವು. ಎರಡನೆಯದು ಅದಕ್ಕಿಂತ ತಗ್ಗಿನಲ್ಲಿ, ಮತ್ತೆ ಎಂಟು ಎಣಿಕೆ. ಮೂರನೆಯದಕ್ಕೆ ದನಿಯೇ ಇಲ್ಲ, ಬರೀ ಉಸಿರು. ಆದರೂ ಕಟ್ಟಕಡೆಯ ಸಾಲಿನವರು ಅದನ್ನು ಕೇಳಿದೆವೆಂದು ಆಣೆ ಮಾಡುತ್ತಿದ್ದರು. ಇವತ್ತು ಸ್ಪೀಕರಿನಲ್ಲಿ ಬಂದ ಮೂರೂ ಗಂಟಲು ಹರಿಯುವಂಥವು. ಎಣಿಕೆಯೂ ಇಲ್ಲ, ಇಳಿತವೂ ಇಲ್ಲ.

ಇನ್ನೊಂದು ವಿಷಯ ತಂಡದ ಹಳಬರಿಗೆಲ್ಲ ಗೊತ್ತಿತ್ತು. ಬಾಗಿಲಮ್ಮ ತಾಲೀಮಿನಲ್ಲಿ ಯಾವತ್ತೂ ಅತ್ತವಳಲ್ಲ. ಅಳುವ ಜಾಗ ಬಂದಾಗ ಬೆರಳಿನಿಂದ ಬಾಗಿಲನ್ನು ಮೂರು ಸಲ ತಟ್ಟಿ ಸುಮ್ಮನಾಗುತ್ತಿದ್ದಳು. ಜನರಿಲ್ಲದ ಕಡೆ ಅಳು ಖರ್ಚು ಮಾಡಬಾರದು ಎಂಬುದು ಅವಳ ನೇಮ. ಹೊಸಬೆಳಕು ತಂಡಕ್ಕೆ ಹೊಸಬ. ಅವನಿಗೆ ಇದು ತಿಳಿದಿದ್ದರೆ ಮೈಕಿನ ಮುಂದೆ ನಿಂತು ಅತ್ತಳೆಂಬ ಕಥೆ ಕಟ್ಟುತ್ತಿರಲಿಲ್ಲ.

"ಅಪ್ಪ ಸತ್ತಾಗ್ಲೂ ಹಲ್ಲು ಕಚ್ಕೊಂಡು ಕೂತಿದ್ಲು ಮೇಡಂ," ಎಂದಳು ಸೂಜಿ. "ಮಾರನೇ ದಿನ ಆಟ ಇತ್ತು ಅಂತ."

ನಾನು ಪೆನ್ನು ಮುಚ್ಚಿದೆ. ಮಗಳ ಕಿವಿ ಸಾಕ್ಷಿಯಾಗುವುದಿಲ್ಲ. ದುಃಖದಲ್ಲಿರುವ ಮಗಳ ಕಿವಿಯಂತೂ ಖಂಡಿತ ಆಗುವುದಿಲ್ಲ. ಇದನ್ನೇ ಸಾಹೇಬರ ಮುಂದಿಟ್ಟರೆ ನಕ್ಕಾರು.

ಆದರೆ ನನಗೂ ಏನೋ ಕೇಳಿಸಿತ್ತು. ಎರಡನೆಯ ಅಳುವಿಗೂ ಮೂರನೆಯದಕ್ಕೂ ನಡುವೆ, ತೀರ ತಳದಲ್ಲಿ, ಗುರ್ ಎಂಬ ಸದ್ದು, ಆಮೇಲೆ ಟಕ್. ಕೇಳಿಸಿತೋ ಕೇಳಿಸಿದಂತಾಯಿತೋ ಎಂಬಂಥ ಅನುಮಾನ ಬಂದರೆ ಇರಲೆಂದೇ ನಾನು ತಾಲೀಮಿನ ಉದ್ದಕ್ಕೂ ಫೋನಿನಲ್ಲಿ ದನಿ ಮುದ್ರಿಸಿಕೊಂಡಿದ್ದೆ. ಹಾಕಿ ಕೇಳಿದೆ. ಟಕ್. ಕೈಗಡಿಯಾರ ನೋಡಿದೆ. ಏಳು ಸೆಕೆಂಡಿಗೆ ಮತ್ತೆ ಟಕ್. ಮೂರು ಸಲ ಹಾಕಿದರೂ ಅಷ್ಟೇ. ಸ್ಪೀಕರಿನ ಅಳು ನಿಂತಲ್ಲಿಗೆ ಆ ಸದ್ದೂ ನಿಲ್ಲುತ್ತಿತ್ತು.

ಆ ಸದ್ದನ್ನು ಮಂಗಳವಾರ ನಾನು ಎಲ್ಲಿ ಕೇಳಿದ್ದೆ ಎಂಬುದು ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

ರಂಗಮಂಚದ ಕೆಳಗಿನ ಕೋಣೆಗೆ ಒಂಬತ್ತು ಮೆಟ್ಟಿಲು. ಕಾವಲುಗಾರನನ್ನು ಕರೆದುಕೊಂಡು ಇಳಿದೆ. ಸ್ವಿಚ್ಚು ಮೇಲುಗಡೆ, ಬಾಗಿಲ ಪಕ್ಕದಲ್ಲಿದೆ. ಕೆಳಗೆ ಪಕ್ಕದ ಚರಂಡಿಯ ನೀರು ಗೋಡೆಯಿಂದ ಒಸರುತ್ತಿತ್ತು. ಅದರ ಮೇಲೆ ಬೀಡಿ ತುಂಡು, ಅಗಿದು ಉಗುಳಿದ ಚೂಯಿಂಗ್ ಗಮ್ಮು, ಯಾರದೋ ಉದುರಿದ ಸುಳ್ಳುಕೂದಲಿನ ಟೋಪನ್ನು ತೇಲಿಬಿಟ್ಟಂತೆ ಉಬ್ಬಿದ ಒಂದು ಇಲಿ. ಮೂಲೆಯಲ್ಲಿ ಕೊಚ್ಚೆ ಎತ್ತುವ ಪಂಪು ಓಡುತ್ತಿತ್ತು. ಗುರ್‌ರ್. ಟಕ್. ಏಳು ಸೆಕೆಂಡು. ಟಕ್.

ಪಂಪಿನ ಹಿಡಿಕೆಗೆ ಕಟ್ಟಿದ ಚೀಟಿಯಲ್ಲಿ ಕೂರಿಸಿದ ದಿನ ಬರೆದಿತ್ತು: ಸೋಮವಾರ ಸಂಜೆ. ಅದಕ್ಕೂ ಮೊದಲು ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಿದ್ದರೆಂದು ಕಾವಲುಗಾರ ಹೇಳಿದ. ಯಾಕಿಷ್ಟು ತಡವಾಗಿ ಪಂಪು ಎಂದು ಕೇಳಿದ್ದಕ್ಕೆ, ಆ ಕೋಣೆ ಯಾರಿಗೂ ಬೇಕಾಗಿರಲಿಲ್ಲ, ಹೊಸ ನಿರ್ದೇಶಕರಿಗೆ ಬೇಕಾಯಿತು ಎಂದ.

ಅಂದರೆ ಆ ಅಳು ಒಂದು ತಿಂಗಳ ಹಿಂದಿನದಲ್ಲ. ಸೋಮವಾರ ಸಂಜೆಯ ಮೇಲೆ, ಇದೇ ಕೋಣೆಯಲ್ಲಿ ಮುದ್ರಿಸಿದ್ದು. ಬಾಗಿಲಮ್ಮ ಬಿದ್ದದ್ದು ಮಂಗಳವಾರ ಮಧ್ಯಾಹ್ನ. ಬಿದ್ದ ಮೇಲೂ ಅರ್ಧ ಗಂಟೆ ಜೀವ ಇದ್ದಿರಬೇಕು ಎಂದು ಶವ ಕೊಯ್ದ ವೈದ್ಯರು ಬರೆದಿದ್ದರು.

ನಲವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ ಎಂದು ಆಗ ಹೊಳೆಯಿತು. ಮೇಲೆ ಓಡಿದೆ. ಹತ್ತಿರದಲ್ಲಿದ್ದ ನಲ್ಲಿ ಬಣ್ಣದ ಕೋಣೆಯದು. ಅಲ್ಲಿ ಬಗ್ಗಿ ಮುಖಕ್ಕೆ ನೀರು ಎರಚಿಕೊಂಡೆ.

ಉಸಿರು ಎಳೆದುಕೊಂಡಾಗ ಮಂಗಳವಾರದ ವಾಸನೆ ಬಂತು.

ನಟನೊಬ್ಬ ಕನ್ನಡಿಯ ಮುಂದೆ ಕೂತಿದ್ದ. ಬಣ್ಣದಜ್ಜ ಅವನ ಅಂಟಿಸಿದ ಮೀಸೆ ಬಿಡಿಸುತ್ತಿದ್ದರು. ಸ್ಪಂಜಿಗೆ ಬಾಟಲಿಯಿಂದ ಏನೋ ಸುರಿದುಕೊಂಡು ಮೂಗಿನ ಕೆಳಗೆ ಒರೆಸುತ್ತಿದ್ದರು. ಏನದು ಎಂದು ಕೇಳಿದೆ. ಗೋಂದು ಬಿಡಿಸುವ ಸ್ಪಿರಿಟು, ನಾಟಕದವರ ಗಂಗೋದಕ ಎಂದು ಅಜ್ಜ ನಕ್ಕರು. ಬಾಟಲಿ ಇಸಿದುಕೊಂಡು ಮೂಸಿದೆ. ಮೂಸಿದ್ದು ಸಾಲದೆಂದು ಮತ್ತೊಮ್ಮೆ ಮೂಸಿದೆ. ನಾಲ್ಕು ದಿನದ ಹಿಂದೆ ನಾನು ಮದ್ಯ ಎಂದು ಬರೆದದ್ದು ಇದನ್ನು. ಒಬ್ಬಳ ಮಾನ, ಒಬ್ಬಳ ಹೆಣ, ನನ್ನ ಮೂಗಿನ ತುದಿಯ ಮೇಲೆ ನಿಂತಿತ್ತು.

ನಟನನ್ನು ಹೊರಗೆ ಕಳಿಸಿದೆ. ಸೂಜಿ ಬಾಗಿಲಲ್ಲಿ ಬಂದು ನಿಂತಿದ್ದಳು.

ಜನರೆದುರು ಒಮ್ಮೆಯೂ ಬಾರದ ಹೆಂಗಸಿನ ಮುಖದ ಮೇಲೆ ಗೋಂದು ಬಿಡಿಸುವ ಸ್ಪಿರಿಟು ಹೇಗೆ ಬಂತು ಎಂದು ಅಜ್ಜನನ್ನು ಕೇಳಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಜ್ಜ ಸ್ಪಂಜು ಹಿಡಿದ ಕೈಯನ್ನು ಬೆನ್ನ ಹಿಂದೆ ಸರಿಸಿದರು.

ಆಮೇಲೆ ಅವರು ಹೇಳಿದ್ದನ್ನು ನಾನು ಪದಕ್ಕೆ ಪದ ಬರೆದುಕೊಂಡಿದ್ದೇನೆ. ಹೊಸಬೆಳಕು ಬಾಗಿಲಮ್ಮನಿಗೆ ಗುಟ್ಟಾಗಿ ಒಂದು ಮಾತು ಕೊಟ್ಟಿದ್ದ. ಹೊಸ ನಾಟಕದಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ತಾಯಿ ಕೆಳಗಿನ ಕತ್ತಲಿನಿಂದ ಮೆಟ್ಟಿಲು ಹತ್ತಿ ಜನರೆದುರು ಬರುತ್ತಾಳೆ. ಆ ತಾಯಿ ನೀವೇ. ಮಂಗಳವಾರ ಮಧ್ಯಾಹ್ನ ನಟರನ್ನೆಲ್ಲ ಪತ್ರಿಕೆಯವರ ಭೇಟಿಗೆ ಕರೆದೊಯ್ಯುತ್ತೇನೆ, ಆಗ ಬಣ್ಣ ಹಚ್ಚಿಸಿಕೊಂಡು ಒಬ್ಬರೇ ಮೆಟ್ಟಿಲು ಅಭ್ಯಾಸ ಮಾಡಿ, ಮಗಳಿಗೂ ಹೇಳಬೇಡಿ, ಮೊದಲ ದಿನ ನೋಡಿ ದಂಗಾಗಲಿ ಎಂದಿದ್ದ.

"ಮೂವತ್ತೊಂದು ವರ್ಷ ಆಯ್ತು ಅಜ್ಜ, ಇವತ್ತು ನನ್ನ ಮುಖಕ್ಕೂ ಒಂದಿಷ್ಟು ಬಳಿ ಅಂದ್ಲು," ಎಂದರು ಬಣ್ಣದಜ್ಜ. "ಯಾವ ಪಕ್ಕದಿಂದ ನೋಡಿದ್ರೆ ಚೆನ್ನಾಗಿ ಕಾಣ್ತೀನಿ ಅಂತ ಬೇರೆ ಕೇಳಿದ್ಲು."

ಹಣೆಗೆ ನರೆಗೂದಲಿನ ಟೋಪನ್ನು ಗೋಂದಿನಿಂದ ಅಂಟಿಸಿ, ಹುಬ್ಬು ತಿದ್ದಿ, ಅಜ್ಜ ಊಟಕ್ಕೆ ಮನೆಗೆ ಹೋಗಿದ್ದರು. ಎರಡೂವರೆಗೆ ಹೊಸಬೆಳಕು ಆಳು ಕಳಿಸಿದ. ಬಂದು ನೋಡಿದರೆ ಹೆಣ. ಪೊಲೀಸರು ಬರುವ ಮೊದಲು ಬಣ್ಣ ತೆಗೆಯಿರಿ, ಮಗಳು ಈ ವೇಷದಲ್ಲಿ ನೋಡಿದರೆ ತಡೆದುಕೊಳ್ಳಲಾರಳು ಎಂದು ಅವನು ಹೇಳಿದ. ಅಜ್ಜ ಒರೆಸಿದರು. ಅವಸರದಲ್ಲಿ ಬಾಟಲಿಯ ಅರ್ಧ ಅವಳ ಕೊರಳ ಮೇಲೆಯೇ ಚೆಲ್ಲಿತ್ತು.

ನನ್ನ ಕಣ್ಣು ಅವರ ಬೆನ್ನ ಹಿಂದಿನ ಕೈಗೆ ಹೋಯಿತು.

"ಅದೇ ಸ್ಪಂಜಾ ಅಜ್ಜ?"

"ತೊಳೆದಿದೀನಿ ಮೇಡಂ," ಎಂದರು ಅವರು.

ಬೆಳಗಿನಿಂದ ಅದು ಎಷ್ಟು ಮುಖಗಳ ಮೇಲೆ ಆಡಿತ್ತೋ. ನಾನು ಕಾಗದದ ಚೀಲ ಬಿಡಿಸಿ ಮುಂದೆ ಹಿಡಿದೆ. ಅವರು ಸ್ಪಂಜನ್ನು ಅದರೊಳಗೆ ಹಾಕಿದರು.

ಸೂಜಿ ಒಳಗೆ ಬಂದು, ತಾಯಿ ಕೂತಿದ್ದ ಕುರ್ಚಿ ಯಾವುದೆಂದು ಕೇಳಿದಳು. ಅಜ್ಜ ತೋರಿಸಿದರು. ಅವಳು ಕೂರಲಿಲ್ಲ. ಅದರ ಬೆನ್ನಿನ ಮೇಲೆ ಕೈಯಿಟ್ಟು, ಅಮ್ಮ ಚೆನ್ನಾಗಿ ಕಾಣುತ್ತಿದ್ದಳೇ ಎಂದಳು. ಕಾಣುತ್ತಿದ್ದಳು ಎಂದರು ಅಜ್ಜ.

ಅಜ್ಜನ ಹೇಳಿಕೆಗೆ ಅವರ ಸಹಿ ತೆಗೆದುಕೊಂಡೆ. ಸಾಹೇಬರಿಗೆ ಫೋನು ಮಾಡಿ ಓದಿ ಹೇಳಿದೆ. ಆ ಸಾಲು ಹೊಡೆದುಹಾಕಿ ಎಂದರು. ಅಲ್ಲೇ ಬಣ್ಣದ ಮೇಜಿನ ಮೇಲೆ ವರದಿ ಹರಡಿ, ಮದ್ಯದ ಸಾಲಿನ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ನನ್ನ ಹೆಸರಿನ ಮೊದಲಕ್ಷರ ಹಾಕಿದೆ. ಸೂಜಿ ಆ ಗೆರೆಯನ್ನು ನೋಡುತ್ತ ನಿಂತಳು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಹೆಗಲು ಕೆಳಗಿಳಿದದ್ದನ್ನು ಕಂಡೆ.

ಒಂದು ಗಂಟೆ ಇಪ್ಪತ್ತು ನಿಮಿಷ. ಅವಳು ಆಗಲೇ ಸಹಿ ಹಾಕಿ ಹೊರಟಿದ್ದರೆ ತಾಯಿಯನ್ನು ಮರ್ಯಾದೆಯಿಂದ ಮಣ್ಣಿಗೆ ಸೇರಿಸಬಹುದಿತ್ತು. ಆದರೆ ಆ ಅಳು ಹೇಗೆ ಸಿಕ್ಕಿತು ಎಂದು ಹೊಸಬೆಳಕಿನ ಬಾಯಿಂದಲೇ ಕೇಳಬೇಕು, ತಾನೂ ಬರುತ್ತೇನೆ ಎಂದಳು. ನಾನು ಬೇಡವೆನ್ನಬೇಕಿತ್ತು.

ಧ್ವನಿ ಕೋಣೆ ಬಾಲ್ಕನಿಯ ಹಿಂದೆ, ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗ. ಯಂತ್ರದ ಮುಂದೆ ಧ್ವನಿ ನೋಡಿಕೊಳ್ಳುವವನು ಕೂತಿದ್ದ. ನಲವತ್ತರ ಆಳು, ತಂಡದಲ್ಲಿ ಅವನನ್ನು ಕಿವಿ ಎನ್ನುತ್ತಾರೆ. ಕಣ್ಣಿನ ಕೆಳಗೆ ಮಸಿ ಬಳಿದಂತಿತ್ತು. ಹೊಸಬೆಳಕು ಮೇಜಿನ ಅಂಚಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದ. ಬೀಜಗಳನ್ನು ಯಂತ್ರದ ಗುಂಡಿಗಳ ನಡುವೆ ಉಗುಳುತ್ತಿದ್ದ.

ನನ್ನ ಫೋನಿನಲ್ಲಿದ್ದ ಟಕ್ ಸದ್ದನ್ನು ಕೇಳಿಸಿದೆ. ಪಂಪಿನ ಚೀಟಿ ತೋರಿಸಿದೆ. ಅಜ್ಜನ ಹೇಳಿಕೆಯನ್ನು ಓದಿದೆ. ಅವನು ತೊಳೆಯ ನಾರು ಬಿಡಿಸುತ್ತ ಕೊನೆಯವರೆಗೂ ಕೇಳಿದ. ಮುಖದಲ್ಲಿ ಗಾಬರಿಯ ಲವಲೇಶವೂ ಇಲ್ಲ. ಸರಿ, ತಿಂಗಳ ಹಿಂದಿನದು ಅಂದದ್ದು ಜನಕ್ಕೆ ಹೇಳುವ ಮಾತು ಎಂದ.

ದನಿ ಮುದ್ರಿಸುವ ಯಂತ್ರವನ್ನು ಮೆಟ್ಟಿಲ ಅಡಿಯಲ್ಲಿ ಇಡಿಸಿದ್ದು ತಾನೇ ಎಂದು ಒಪ್ಪಿಕೊಂಡ. ಸೋಮವಾರ ಸಂಜೆಯಿಂದ ಅದು ಬಿಡದೆ ಓಡುತ್ತಿತ್ತು. ಬಾಗಿಲಮ್ಮನಿಗೆ ಅದರ ಬಗ್ಗೆ ಹೇಳಿಯೂ ಇದ್ದ. ಎಷ್ಟು ಕೇಳಿಕೊಂಡರೂ ಮುದುಕಿ ಬಾಗಿಲು ತಟ್ಟಿ ಸುಮ್ಮನಾಗುತ್ತಿದ್ದುದರಿಂದ, ಕತ್ತಲಲ್ಲಿ ಒಬ್ಬಳೇ ಹತ್ತಿ ಇಳಿದರೆ ಭಯಕ್ಕಾದರೂ ಒಂದು ನಿಜವಾದ ಅಳು ಬಂದೀತೆಂದು ಕಾದ. ಬಾಗಿಲು ತೆರೆಯುವುದೂ ಸುಳ್ಳು, ಅವಳು ಜನರೆದುರು ಬರುವುದೂ ಸುಳ್ಳು. ಅದು ಅಳು ತೆಗೆಯುವ ಉಪಾಯ.

"ನಾನು ಮುಟ್ಟಿಲ್ಲ, ನೂಕಿಲ್ಲ," ಎಂದ. "ಹನ್ನೊಂದೂವರೆಯಿಂದ ಎರಡರವರೆಗೆ ಮೂವತ್ತು ಜನ ಪತ್ರಿಕೆಯವರ ಮುಂದೆ ಕೂತಿದ್ದೆ. ಬೇಕಾದ್ರೆ ಕೇಳ್ಕೊಳ್ಳಿ."

ಕೇಳಿದ್ದೆ. ಅದು ನಿಜವಾಗಿತ್ತು.

"ಮುದ್ರಿಸಿದ್ದನ್ನ ಯಾವಾಗ ಕೇಳಿದಿರಿ?"

"ಅವತ್ತೇ ಸಂಜೆ."

"ಏನು ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಆದ್ರೂ ನಾಟಕಕ್ಕೆ ಹಾಕಿದಿರಿ."

ಅವನು ಒಂದು ತೊಳೆಯನ್ನು ಬಾಯಿಗೆ ಹಾಕಿಕೊಂಡ.

"ಹಾಕದೇ ಇದ್ದಿದ್ರೆ ಆಕೆ ಸತ್ತಿದ್ದು ದಂಡ ಆಗ್ತಿತ್ತಲ್ಲ ಮೇಡಂ."

ಸೂಜಿ ಬಾಗಿಲ ಚೌಕಟ್ಟಿಗೆ ಒರಗಿದ್ದಳು. ಅವನು ಅವಳನ್ನು ನೋಡುತ್ತಲೇ ಆ ಮಾತು ಹೇಳಿದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಈ ಕೆಲಸದಲ್ಲಿ ಬೇಕಾದಷ್ಟು ಕಂಡಿದ್ದೇನೆ. ಗಳ ಹಿರಿದು, ಅದನ್ನು ಮನೆಯವರಿಗೆ ಮಾಡಿದ ಉಪಕಾರ ಎನ್ನುವವನನ್ನು ಕಂಡಿರಲಿಲ್ಲ. ಎಂಬತ್ತು ವರ್ಷದಿಂದ ಕೊಳೆಯುತ್ತಿದ್ದ ನಾಟಕ ಇವತ್ತು ಉಸಿರಾಡಿತು, ನಲವತ್ತು ಜನ ಎದ್ದು ನಿಂತದ್ದನ್ನು ನೀವೇ ನೋಡಿದಿರಲ್ಲ ಎಂದು ಅವನು ಮುಂದುವರಿಸಿದ.

ನೋಡಿದ್ದೆ. ಅದಕ್ಕಿಂತ ಹೊಲಸಾದದ್ದು ಇನ್ನೊಂದಿತ್ತು: ಮೊದಲ ಅಳು ಕೇಳಿದಾಗ ನನ್ನ ತೋಳಿನ ರೋಮವೂ ನಿಮಿರಿತ್ತು. ಸೂಜಿ ಮಣಿಕಟ್ಟು ಹಿಡಿದಿರದಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆನೇನೋ. ಆ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡೆ.

ಪೂರ್ತಿ ಮುದ್ರಣ ಬೇಕು ಎಂದೆ. ನಾಟಕಕ್ಕೆ ಬೇಕಾದಷ್ಟು ಕತ್ತರಿಸಿಕೊಂಡು ಉಳಿದದ್ದನ್ನು ಅಳಿಸಿಹಾಕಿದ್ದೇವೆ ಎಂದ ಹೊಸಬೆಳಕು.

"ಅಳಿಸಿಲ್ಲ," ಎಂದ ಕಿವಿ.

ನಾವು ಒಳಗೆ ಬಂದ ಮೇಲೆ ಅವನಾಡಿದ ಮೊದಲ ಮಾತು ಅದು. ಹೊಸಬೆಳಕು ಅವನತ್ತ ತಿರುಗಿದ.

"ಮೂಲ ಅಳಿಸೋ ಅಭ್ಯಾಸ ನಮ್ಮ ಕೆಲಸದಲ್ಲಿಲ್ಲ ಸರ್. ನೀವು ಮೂರನೇ ಅಳು ಆದ್ಮೇಲೆ ಸಾಕು, ನಿಲ್ಸು ಅಂದ್ರಿ. ಎದ್ದು ಹೋದ್ರಿ. ಮುಂದಿಂದು ನೀವು ಕೇಳಿಲ್ಲ." ಅವನು ನನ್ನ ಕಡೆ ನೋಡಿದ. "ನಾನು ಕೇಳಿದೀನಿ."

ಯಾರಿಗೂ ಹೇಳಲಿಲ್ಲವೇಕೆ ಎಂದು ಕೇಳಿದೆ. ಎರಡು ಮಕ್ಕಳು, ಬೇರೆ ಕೆಲಸ ಬರದು ಎಂದ. ತನ್ನ ಮಾತಿಗೆ ತಾನೇ ಹೇಸಿಕೊಂಡವನಂತೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಗುಂಡಿ ಒತ್ತಿದ.

ಪಂಪಿನ ಗುರುಗುರು ಕೋಣೆ ತುಂಬಿತು. ಬಹಳ ಹೊತ್ತು ಅಷ್ಟೇ. ಮೇಲೆಲ್ಲೋ ಬಾಗಿಲು ತೆರೆಯಿತು. ಮೆಟ್ಟಿಲ ಮೇಲೆ ಹೆಜ್ಜೆ ಇಳಿಯತೊಡಗಿತು, ನಿಧಾನವಾಗಿ, ಒಂದೊಂದು ಮೆಟ್ಟಿಲನ್ನೂ ಲೆಕ್ಕ ಹಾಕಿ ನೆನಪಿಟ್ಟುಕೊಳ್ಳುವಂತೆ. ಬಾಗಿಲಮ್ಮ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಸಂತೋಷದಲ್ಲಿದ್ದಳು.

ನಾಲ್ಕನೆಯ ಹೆಜ್ಜೆಗೆ ಚಿಟ್ ಎಂದು ಸ್ವಿಚ್ಚಿನ ಸದ್ದು. ಗುನುಗು ನಿಂತಿತು.

ಬಿದ್ದ ಸದ್ದು ಚಿಕ್ಕದು. ಅದಕ್ಕೆ ಹೋಲಿಕೆ ಹುಡುಕುವುದು ನನಗೆ ಬೇಕಿಲ್ಲ.

ಕೆಳಗಿಳಿದು ಹೋಗುತ್ತಿದ್ದವಳ ಹಿಂದೆ, ಮೇಲುಗಡೆ, ಯಾರೋ ದೀಪ ಆರಿಸಿದ್ದರು.

ಮೊದಲ ಅಳು ಬಂತು. ಎರಡನೆಯದು. ಮೂರನೆಯದು. ನಾನು ಸೂಜಿಯ ತೋಳು ಹಿಡಿದು ಹೊರಗೆ ಕರೆದೊಯ್ಯಲು ನೋಡಿದೆ. ಅವಳು ಕದಲಲಿಲ್ಲ. ಪಂಪು ಟಕ್ ಎಂದಿತು. ಆಮೇಲೆ ಬಾಗಿಲಮ್ಮನ ದನಿ ಕೇಳಿಸಿತು. ಈಗ ಅಳುವಲ್ಲ, ಮಾತು, ನಡುವೆ ಏದುಸಿರು.

"ಯಾರದು ಮೇಲೆ... ಕಾಲು ಮುರೀತು ಅನ್ಸುತ್ತೆ." ಸ್ವಲ್ಪ ಹೊತ್ತು ಬಿಟ್ಟು, ಕೆಲಸದಲ್ಲಿ ತಪ್ಪಾಗಿದೆಯೇ ಎಂದು ಕೇಳುವವಳ ಹಾಗೆ: "ಅಳು ಬಂತಾ ಅದ್ರಲ್ಲಿ? ಸಾಕಾ?"

ಹೊಸಬೆಳಕಿನ ದವಡೆ ಅಗಿಯುವುದನ್ನು ನಿಲ್ಲಿಸಿತು.

ಮೇಲಿನಿಂದ ಉತ್ತರ ಬಂತು. ಪಿಸುಮಾತು. ಗಂಡೋ ಹೆಣ್ಣೋ ನನಗೆ ಗುರುತು ಹತ್ತಲಿಲ್ಲ. ಅವಸರವಿರಲಿಲ್ಲ, ಸಿಟ್ಟೂ ಇರಲಿಲ್ಲ.

"ಇನ್ನೊಂದ್ಸಲ."

ಬಾಗಿಲಮ್ಮ ಇನ್ನೊಂದು ಸಲ ಅತ್ತಳು.

ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು. ಕಿವಿ ಯಂತ್ರ ನಿಲ್ಲಿಸಿದ. ಹೊಸಬೆಳಕಿನ ಮುಖದಲ್ಲಿ ರಕ್ತವಿರಲಿಲ್ಲ. ಬಾಯೊಳಗಿನ ತೊಳೆಯನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಅಂಗೈಗೆ ತೆಗೆದುಕೊಂಡ. ಇದನ್ನು ಅವನು ಇವತ್ತೇ ಮೊದಲು ಕೇಳಿದ್ದೆಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ.

ಇದು ಇನ್ನು ಜಾರಿ ಬಿದ್ದ ಪ್ರಕರಣವಲ್ಲ. ನಾನು ವರದಿಯನ್ನು ಚೀಲದಿಂದ ತೆಗೆದೆ. ಆ ದನಿಯನ್ನು ಮತ್ತೊಮ್ಮೆ ಹಾಕಲು ಕಿವಿಗೆ ಹೇಳಿ, ಗುರುತು ಸಿಗುತ್ತದೆಯೇ ನೋಡಿ ಎಂದು ಸೂಜಿಯತ್ತ ತಿರುಗಿದೆ.

"ಹಾಕಬೇಡಿ," ಎಂದಳು ಅವಳು.

ಗುರುತು ಸಿಕ್ಕಿತ್ತು. ಅದು ಅವಳ ಮುಖದಲ್ಲಿ ಬರೆದಂತಿತ್ತು. ಯಾರದು ಎಂದು ಕೇಳಿದೆ. ಮತ್ತೆ ಕೇಳಿದೆ. ಅವಳು ನನ್ನ ಕೈಯಿಂದ ವರದಿಯನ್ನು ತೆಗೆದುಕೊಂಡು ಯಂತ್ರದ ಮೇಲೆ ಹರಡಿದಳು. ಕಿತ್ತಳೆ ಬೀಜಗಳನ್ನು ಅಂಗೈಯಿಂದ ಪಕ್ಕಕ್ಕೆ ಸರಿಸಿದಳು. ನಾನು ಎಳೆದ ಅಡ್ಡಗೆರೆಯ ಮೇಲೆ ಬೆರಳಿಟ್ಟಳು.

"ಈ ಗೆರೆ ತೆಗೀರಿ ಮೇಡಂ. ಪೆನ್ನು ಕೊಡಿ, ಸಹಿ ಹಾಕ್ತೀನಿ."

ನಾಲ್ಕು ದಿನ ಠಾಣೆಯ ಬೆಂಚಿನಲ್ಲಿ ಕೂತಿದ್ದವಳು ಇವಳೇನಾ ಎಂದು ನಾನು ಅವಳನ್ನೇ ನೋಡುತ್ತಿದ್ದೆ. ಅವಳು ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ; ಆ ಪಿಸುಮಾತಿನವರನ್ನು ಉಳಿಸಲು ಅಮ್ಮನ ಮಾನವನ್ನೇ ಕೊಡುತ್ತಿದ್ದಳು.

"ನಮ್ಮಮ್ಮ ಕುಡಿದಿದ್ಲು," ಎಂದಳು. "ಹಾಗೇ ಬರ್ಕೊಳ್ಳಿ."